ಹಲ್ಲು ಕಚ್ಚಿ ಓಡೋದು ಯಾವಾಗ, ನಿಲ್ಲೋದು ಯಾವಾಗ?

ದೂರದ ಓಟ ಓಡೋರ ಜೊತೆ ಹತ್ತು ನಿಮಿಷ ಮಾತಾಡಿ ನೋಡಿ. ಟೈಮಿಂಗ್, ಶೂ, ಬಾಳೆಹಣ್ಣು ಎಲ್ಲಾ ಮುಗಿದ ಮೇಲೆ ಮಾತು ನೋವಿಗೆ ಬಂದೇ ಬರುತ್ತೆ. ಒಬ್ಬರು ಕಪ್ಪಾಗಿ ಕಿತ್ತುಹೋದ ಉಗುರು ತೋರಿಸ್ತಾರೆ. ಇನ್ನೊಬ್ಬರು ಮೊಣಕಾಲು ಹಿಡ್ಕೊಂಡಿದ್ರೂ ಹಾಫ್ ಮ್ಯಾರಥಾನ್ ಮುಗಿಸಿದ ಕಥೆ ಹೇಳ್ತಾರೆ. ಕೇಳೋರು "ಸೂಪರ್ ಮಗಾ" ಅಂತಾರೆ. "ಕಾಲು ನೋಯ್ತಿತ್ತು, ಅದಕ್ಕೆ ಆರನೇ ಕಿಲೋಮೀಟರಲ್ಲಿ ನಿಲ್ಲಿಸಿ ಆಟೋ ಹಿಡ್ಕೊಂಡು ಬಂದೆ" ಅನ್ನೋ ಕಥೆಗೆ ಮಾತ್ರ ಯಾರೂ ಸೂಪರ್ ಅನ್ನಲ್ಲ.

ನಮ್ಮ ಹಾಸ್ಟೆಲಲ್ಲಿ ಬೆಳಗ್ಗೆ ಎದ್ದು ಓಡೋ ಏಳೆಂಟು ಜನ ಇದ್ದೀವಿ. ಯಾವ ತಿಂಗಳು ನೋಡಿದ್ರೂ ಗುಂಪಲ್ಲಿ ಒಬ್ಬರಾದ್ರೂ ಕುಂಟ್ತಾ ಇರ್ತಾರೆ, ಕುಂಟ್ತಾನೇ ಓಡ್ತಾ ಇರ್ತಾರೆ. ಅವರು ದಡ್ಡರೇನಲ್ಲ. ಬೇರೆ ಎಲ್ಲಾ ವಿಷಯದಲ್ಲೂ ಲೆಕ್ಕ ಹಾಕಿ ನಡೆಯೋರೇ. ಹಾಗಿದ್ರೆ ತಮ್ಮ ಕಾಲನ್ನ ತಾವೇ ಹಾಳುಮಾಡಿಕೊಳ್ಳೋದು ಯಾಕೆ? ಈ ಪ್ರಶ್ನೆ ಹಿಡ್ಕೊಂಡು ಒಂದಷ್ಟು ಓದಿದೆ. ಓದಿದ ಮೇಲೆ ನನಗೆ ಅರ್ಥವಾಗಿದ್ದು ಇಷ್ಟು: ನೋವನ್ನ ಸಹಿಸೋ ಶಕ್ತಿ ಬೇರೆ, ನೋವನ್ನ ನಿರ್ಲಕ್ಷಿಸೋ ಅಭ್ಯಾಸ ಬೇರೆ. ಹೊರಗಿಂದ ನೋಡೋಕೆ ಎರಡೂ ಒಂದೇ ಥರ ಕಾಣ್ತವೆ. ಒಂದು ಓಟಗಾರರನ್ನ ಬೆಳೆಸುತ್ತೆ, ಇನ್ನೊಂದು ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರಿಸುತ್ತೆ. ಈ ಎರಡೂ ಎಲ್ಲಿ ಬೇರೆಯಾಗ್ತವೆ ಅನ್ನೋದೇ ಈ ಲೇಖನ.

ನೋವು ಅಂದ್ರೆ ಮೀಟರ್ ರೀಡಿಂಗ್ ಅಲ್ಲ

ಇಂಜಿನಿಯರಿಂಗ್ ಓದೋ ನಮಗೆ ನೋವನ್ನ ಹೀಗೆ ಕಲ್ಪಿಸಿಕೊಳ್ಳೋದು ಸುಲಭ: ಕಾಲಲ್ಲಿ ಒಂದು ಸೆನ್ಸರ್, ಎಷ್ಟು ಪೆಟ್ಟೋ ಅಷ್ಟು ವೋಲ್ಟೇಜ್, ಅದು ವೈರ್ ಹಿಡಿದು ಮೆದುಳಿಗೆ ಹೋಗುತ್ತೆ, ಮೆದುಳು ಡಿಸ್‌ಪ್ಲೇ ಮಾಡುತ್ತೆ. ಸೆನ್ಸರ್ ಇರೋದೇನೋ ನಿಜ. ಚರ್ಮ, ಸ್ನಾಯು, ಮೂಳೆಯ ಮೇಲಿನ ಪೊರೆ, ಹೀಗೆ ಹಲವು ಕಡೆ ನೊಸಿಸೆಪ್ಟರ್ ಅನ್ನೋ ನರದ ತುದಿಗಳಿವೆ. ಅತಿಯಾದ ಒತ್ತಡ, ಬಿಸಿ, ಕೆಲವು ರಾಸಾಯನಿಕಗಳು ತಾಗಿದ್ರೆ ಅವು ಸಿಗ್ನಲ್ ಕಳಿಸ್ತವೆ. ವೈರಲ್ಲೂ ಎರಡು ಥರ. ಎ-ಡೆಲ್ಟಾ ಅನ್ನೋ ನರತಂತುಗಳು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಒಯ್ಯುತ್ತವೆ. ಸಿ ತಂತುಗಳದ್ದು ಸೆಕೆಂಡಿಗೆ 2 ಮೀಟರ್ ಒಳಗೇ. ಕಲ್ಲು ಎಡವಿದಾಗ ಮೊದಲು ಬೆರಳಿಗೆ ಚುಚ್ಚಿದ ಹಾಗಾಗಿ, ಒಂದು ಕ್ಷಣ ಬಿಟ್ಟು ಮಂದ ನೋವು ತುಂಬಿಕೊಳ್ಳುತ್ತಲ್ಲ, ಅದಕ್ಕೆ ಕಾರಣ ಈ ಎರಡು ಸ್ಪೀಡುಗಳು.

ಆದರೆ ಆ ಸಿಗ್ನಲ್ಲೇ ನೋವಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು 'ಗೇಟ್ ಕಂಟ್ರೋಲ್' ಸಿದ್ಧಾಂತ ಮುಂದಿಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟ್ ಇದ್ದ ಹಾಗೆ, ಕೆಳಗಿಂದ ಬರೋ ಸಿಗ್ನಲ್ ಎಲ್ಲವೂ ಮೇಲೆ ಹೋಗಲ್ಲ ಅನ್ನೋದು ಅದರ ಸಾರ. ಮೊಣಕೈ ಬಡಿಸಿಕೊಂಡ ತಕ್ಷಣ ಉಜ್ಜಿಕೊಳ್ತೀವಿ, ಸ್ವಲ್ಪ ಹಾಯ್ ಅನ್ಸುತ್ತೆ. ಸ್ಪರ್ಶದ ಸಿಗ್ನಲ್ ಬಂದು ನೋವಿನ ಗೇಟನ್ನ ಸ್ವಲ್ಪ ಮುಚ್ಚೋದರಿಂದ ಹಾಗಾಗುತ್ತೆ. ಗೇಟಿನ ಇನ್ನೊಂದು ಹಗ್ಗ ಮೆದುಳಿನ ಕೈಯಲ್ಲಿದೆ. ಭಯ, ಗಮನ, ಹಿಂದಿನ ಅನುಭವ, ಮುಂದಿನ ಗುರಿ ಇವೆಲ್ಲ ಆ ಹಗ್ಗ ಎಳೀತವೆ.

ಇದಕ್ಕೆ ಪ್ರಸಿದ್ಧ ಉದಾಹರಣೆ ಎರಡನೇ ಮಹಾಯುದ್ಧದ್ದು. ಅಮೆರಿಕದ ವೈದ್ಯ ಹೆನ್ರಿ ಬೀಚರ್ ಯುದ್ಧಭೂಮಿಯಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರನ್ನ "ನೋವಿಗೆ ಔಷಧಿ ಬೇಕಾ?" ಅಂತ ಕೇಳಿ ದಾಖಲಿಸಿದರು. 1946ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಬೇಕು ಅಂದವರು ಸುಮಾರು ಕಾಲು ಭಾಗದಷ್ಟು ಜನ ಮಾತ್ರ. ಗಾಯ ಸಣ್ಣದಾಗಿರಲಿಲ್ಲ. ಆದರೆ ಆ ಗಾಯದ ಅರ್ಥ ಅವರಿಗೆ ಬೇರೆ ಇತ್ತು: ಯುದ್ಧ ಮುಗೀತು, ಜೀವ ಉಳೀತು, ಇನ್ನು ಮನೆಗೆ.

ಇವತ್ತು ನೋವಿನ ಅಧ್ಯಯನ ಮಾಡೋರ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಲ್ಲೂ ನೋವು ಅಂದ್ರೆ ಸಂವೇದನೆ ಮತ್ತು ಭಾವನೆ ಎರಡೂ ಸೇರಿದ ಒಂದು ಅನುಭವ. ಅದು ನಿಜವಾದ ಹಾನಿಗೂ ಬರಬಹುದು, ಆಗಬಹುದಾದ ಹಾನಿಗೂ ಬರಬಹುದು. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ನೋವು ಮೀಟರ್ ರೀಡಿಂಗ್ ಅಲ್ಲ, ಮೆದುಳು ಇರೋ ಡೇಟಾ ನೋಡಿ ಕೊಡೋ ಎಸ್ಟಿಮೇಟ್. ಎಸ್ಟಿಮೇಟ್ ಅಂದ ಮೇಲೆ ತಪ್ಪೂ ಆಗಬಹುದು. ಹಾನಿ ಇಲ್ಲದೆಯೂ ನೋವು ಜಾಸ್ತಿ ಇರಬಹುದು, ಹಾನಿ ಆಗ್ತಾ ಇದ್ರೂ ನೋವು ಕಮ್ಮಿ ಇರಬಹುದು. ಓಟಗಾರರಿಗೆ ತೊಂದರೆ ಕೊಡೋದು ಈ ಎರಡನೇದು.

ಓಟ ಮೆದುಳಿಗೆ ಏನು ಕಲಿಸುತ್ತೆ?

2014ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಚಿಕ್ಕ ಪ್ರಯೋಗ ನಡೀತು. ಆರೋಗ್ಯವಂತರ ಒಂದು ಗುಂಪಿಗೆ ಆರು ವಾರ ಸೈಕಲ್ ತುಳಿಸಿದರು, ಇನ್ನೊಂದು ಗುಂಪು ಮೊದಲಿನ ಹಾಗೇ ಇತ್ತು. ಮುಂಚೆ ಮತ್ತು ಆಮೇಲೆ ಎರಡು ವಿಷಯ ಅಳೆದರು. ಒಂದು, ಎಷ್ಟು ಒತ್ತಿದ್ರೆ ನೋವು ಶುರುವಾಗುತ್ತೆ. ಇನ್ನೊಂದು, ಶುರುವಾದ ನೋವನ್ನ ಎಷ್ಟು ಹೊತ್ತು ತಡ್ಕೋತಾರೆ. ಸೈಕಲ್ ತುಳಿದವರಲ್ಲಿ ಮೊದಲನೆಯದು ಬದಲಾಗಲಿಲ್ಲ. ತಡ್ಕೊಳ್ಳೋ ಸಮಯ ಮಾತ್ರ ಜಾಸ್ತಿಯಾಯ್ತು.

ಇದನ್ನ ಇನ್ನೊಮ್ಮೆ ಓದಿ. ಟ್ರೈನಿಂಗ್‌ನಿಂದ ಅಲಾರಂ ತಡವಾಗಿ ಹೊಡೆಯೋಕೆ ಶುರುವಾಗಲಿಲ್ಲ. ಹೊಡೀತಾ ಇರೋ ಅಲಾರಂ ಜೊತೆ ಬದುಕೋದನ್ನ ಜನ ಕಲಿತರು, ಅಷ್ಟೇ.

ಇದು ಒಳ್ಳೆ ಕಲಿಕೆ. ಇದಿಲ್ಲದೆ ಯಾರೂ 10ಕೆ ಓಡೋಕಾಗಲ್ಲ. ನಾಲ್ಕನೇ ಕಿಲೋಮೀಟರಿಗೆ ಏದುಸಿರು ಬರುತ್ತೆ, ತೊಡೆ ಉರಿಯುತ್ತೆ, ಮೆದುಳು "ಸಾಕು, ನಿಲ್ಲು" ಅನ್ನೋಕೆ ಶುರುಮಾಡುತ್ತೆ. ಆ ಹೊತ್ತಲ್ಲಿ ದೇಹದಲ್ಲಿ ಇನ್ನೂ ಬೇಕಾದಷ್ಟು ಬಾಕಿ ಇರುತ್ತೆ. ಸಾಮುಯೆಲೆ ಮಾರ್ಕೋರಾ ಮತ್ತು ಅವರ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನ ಚೆನ್ನಾಗಿ ತೋರಿಸುತ್ತೆ. 16 ಜನರಿಗೆ ಒಂದು ದಿನ 90 ನಿಮಿಷ ಗಮನ ಬೇಡೋ ಕಂಪ್ಯೂಟರ್ ಕೆಲಸ ಕೊಟ್ಟು ಆಮೇಲೆ ಸುಸ್ತಾಗೋವರೆಗೆ ಸೈಕಲ್ ತುಳಿಸಿದರು. ಇನ್ನೊಂದು ದಿನ ಸುಮ್ಮನೆ ವಿಡಿಯೋ ತೋರಿಸಿ ತುಳಿಸಿದರು. ತಲೆ ದಣಿದಿದ್ದ ದಿನ ಬೇಗ ಕೈಬಿಟ್ಟರು. ಹೃದಯ, ಸ್ನಾಯುಗಳ ಕಡೆಯಿಂದ ಅದಕ್ಕೆ ಕಾರಣ ಸಿಗಲಿಲ್ಲ, ಅದೇ ಕೆಲಸ ಅವರಿಗೆ ಹೆಚ್ಚು ಕಷ್ಟ ಅನ್ನಿಸಿತ್ತು ಅಷ್ಟೇ. ಇಂಟರ್ನಲ್ಸ್ ಮುಗಿದ ಸಂಜೆ ಗ್ರೌಂಡಿಗೆ ಹೋದ್ರೆ ಎರಡು ಕಿಲೋಮೀಟರಿಗೇ ಕಾಲು ಸೋಲೋದು ಯಾಕೆ ಅಂತ ಗೊತ್ತಾಯ್ತಲ್ಲ.

ಜೊತೆಗೆ ದೇಹದ ಸ್ವಂತ ಮೆಡಿಕಲ್ ಶಾಪ್ ಬೇರೆ ಇದೆ. ಜೋರಾಗಿ, ಬಹಳ ಹೊತ್ತು ಓಡಿದಾಗ ಅಫೀಮಿನ ಗುಂಪಿಗೆ ಸೇರಿದಂಥ ಎಂಡಾರ್ಫಿನ್‌ಗಳು, ಗಾಂಜಾದ ಅಂಶವನ್ನ ಹೋಲೋ ಎಂಡೋಕ್ಯಾನಬಿನಾಯ್ಡ್‌ಗಳು ದೇಹದಲ್ಲೇ ತಯಾರಾಗ್ತವೆ. ಓಡ್ತಾ ಓಡ್ತಾ ಹಗುರ ಅನ್ನಿಸೋದರಲ್ಲಿ ಇವುಗಳ ಪಾಲಿದೆ. ನೋವನ್ನ ತಗ್ಗಿಸೋದೂ ಇವುಗಳ ಕೆಲಸ.

ಇಲ್ಲೇ ಸಿಕ್ಕು ಇರೋದು. ಮೆದುಳಿಗೆ ನಾವು ವರ್ಷಗಟ್ಟಲೆ ಒಂದೇ ಪಾಠ ಹೇಳಿಕೊಡ್ತೀವಿ: "ಅಲಾರಂ ಹೊಡೆದ್ರೂ ಏನೂ ಆಗಲ್ಲ, ಓಡು." ನೂರು ಸಲದಲ್ಲಿ ತೊಂಬತ್ತೈದು ಸಲ ಅದು ನಿಜಾನೇ. ಉರಿ ಇತ್ತು, ಓಡಿದೆ, ಏನೂ ಆಗಲಿಲ್ಲ, ಮೆಡಲ್ ಬಂತು. ಸುಳ್ಳು ಅಲಾರಂ ದಿನಾ ಕೇಳಿದ ವಾಚ್‌ಮನ್ ಒಂದು ದಿನ ನಿಜವಾಗಿ ಬೆಂಕಿ ಬಿದ್ದಾಗಲೂ ಸ್ವಿಚ್ ಆಫ್ ಮಾಡಿ ಮಲಗ್ತಾನೆ. ನೋವು ತಡೆಯೋ ಸಾಮರ್ಥ್ಯ ಹೆಚ್ಚಾದಷ್ಟೂ, ಯಾವ ನೋವು ಅನ್ನೋದನ್ನ ಗುರುತಿಸೋ ಸಾಮರ್ಥ್ಯವೂ ಹೆಚ್ಚಬೇಕು. ಮೊದಲನೆಯದು ಓಡ್ತಾ ಓಡ್ತಾ ತಾನಾಗೇ ಬರುತ್ತೆ. ಎರಡನೆಯದನ್ನ ಯಾರಾದ್ರೂ ಹೇಳಿಕೊಡಬೇಕು.

'ಪೇನ್ ಇದೆ' ಅಂದ್ರೆ ಸಾಲದು

ಗುರುತಿಸೋಕೆ ಮೊದಲು ಹೆಸರು ಬೇಕು. ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿದ ನಾನು, ನನ್ನಂಥವರು, ಏನೇ ಆದ್ರೂ "ಕಾಲು ಪೇನ್ ಇದೆ" ಅಂತೀವಿ. ಅದೇ ನಮ್ಮಜ್ಜಿ ಮೊಣಕಾಲಿನ ಬಗ್ಗೆ ಮಾತಾಡಿದ್ರೆ ಅದರಲ್ಲಿ ಹತ್ತು ಬಗೆ ಇರುತ್ತೆ. ಉರಿ ಬೇರೆ, ಸೆಳೆತ ಬೇರೆ. ಚುಚ್ಚುತ್ತೆ ಅಂದ್ರೆ ಒಂದು, ಸಿಡಿಯುತ್ತೆ ಅಂದ್ರೆ ಇನ್ನೊಂದು. ಜೋಮು ಹಿಡಿದಿದೆ, ಉಳುಕಿದೆ, ಹಿಡ್ಕೊಂಡಿದೆ, ಬಾವು ಬಂದಿದೆ, ಚಳುಕು ಹೊಡೀತು. ಕಾಲು ಸೋತಿದೆ ಅನ್ನೋದಂತೂ ನೋವೇ ಅಲ್ಲ, ಬರೀ ದಣಿವು.

ಇದು ಬರೀ ಭಾಷಾಭಿಮಾನದ ಮಾತಲ್ಲ. ಗೇಟ್ ಸಿದ್ಧಾಂತದ ಅದೇ ಮೆಲ್ಜಾಕ್ 1975ರಲ್ಲಿ ನೋವಿನ ಪದಗಳನ್ನೇ ಗುಂಪು ಮಾಡಿ ಮೆಕ್‌ಗಿಲ್ ಪ್ರಶ್ನಾವಳಿ ಅಂತ ತಯಾರಿಸಿದರು. ರೋಗಿ ಯಾವ ಪದ ಆರಿಸ್ತಾರೆ ಅನ್ನೋದರಿಂದ ನೋವು ಎಂಥದ್ದು ಅನ್ನೋ ಸುಳಿವು ಸಿಗುತ್ತೆ ಅನ್ನೋದು ಅದರ ಹಿಂದಿನ ಯೋಚನೆ. ಹಾಗಾಗಿ ಫಿಸಿಯೋ ಹತ್ರ ಹೋದಾಗ ಅಜ್ಜಿಯ ಪದಗಳನ್ನೇ ಬಳಸಿ, ಕೆಲಸಕ್ಕೆ ಬರ್ತವೆ.

ಓಟಗಾರರಿಗೆ ಬೇಕಾದ ಮಟ್ಟಿಗೆ ಎರಡು ಗುಂಪು ಮಾಡಬಹುದು. ಒಂದು ಶ್ರಮದ ನೋವು. ಇದು ಎರಡೂ ಕಾಲಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಅಗಲವಾಗಿ ಹರಡಿರುತ್ತೆ, ಉರಿ ಅಥವಾ ಭಾರ ಅನ್ಸುತ್ತೆ. ಸ್ಪೀಡ್ ಜಾಸ್ತಿ ಮಾಡಿದ್ರೆ ಹೆಚ್ಚುತ್ತೆ, ನಿಧಾನ ಮಾಡಿದ್ರೆ ನಿಮಿಷದಲ್ಲಿ ಇಳಿಯುತ್ತೆ. ಹೊಸ ವರ್ಕೌಟ್ ಮಾಡಿದ ಮಾರನೇ ದಿನ ಬರೋ ಮೈಕೈ ನೋವೂ ಹೆಚ್ಚಾಗಿ ಇದೇ ಗುಂಪು, ಮೂರ್ನಾಲ್ಕು ದಿನದಲ್ಲಿ ಹೋಗುತ್ತೆ. ಇನ್ನೊಂದು ಹಾನಿಯ ನೋವು. ಇದು ಸಾಮಾನ್ಯವಾಗಿ ಒಂದೇ ಕಾಲಲ್ಲಿ ಇರುತ್ತೆ. "ಇಲ್ಲೇ" ಅಂತ ಬೆರಳಿಟ್ಟು ತೋರಿಸಬಹುದು. ನಿಧಾನ ಮಾಡಿದ್ರೂ ಬಿಡಲ್ಲ. ಪ್ರತಿ ಸಲ ಓಡಿದಾಗಲೂ ಸ್ವಲ್ಪ ಬೇಗ ಶುರುವಾಗುತ್ತೆ. ಹೆಜ್ಜೆ ಇಡೋ ರೀತಿಯನ್ನೇ ಬದಲಾಯಿಸುತ್ತೆ. ಹಲ್ಲು ಕಚ್ಚೋ ವಿದ್ಯೆ ಮೊದಲನೇ ಗುಂಪಿಗೆ ಸರಿ. ಎರಡನೇದಕ್ಕೆ ಅದನ್ನ ಬಳಸಿದ್ರೆ ಏನಾಗುತ್ತೆ ಅಂತ ನೋಡೋಕೆ ಮೂಳೆಯ ಉದಾಹರಣೆ ಸಾಕು.

ರೈಲಿನ ಆಕ್ಸಲ್, ಸೈನಿಕನ ಪಾದ

ಮೆಕ್ಯಾನಿಕಲ್‌ನವರಿಗೆ ಆಗಸ್ಟ್ ವ್ಯೋಲರ್ ಹೆಸರು ಗೊತ್ತಿರುತ್ತೆ. 19ನೇ ಶತಮಾನದ ಮಧ್ಯದಲ್ಲಿ ಪ್ರಷ್ಯಾದಲ್ಲಿ ರೈಲಿನ ಆಕ್ಸಲ್‌ಗಳು ಯಾಕೆ ಮುರೀತವೆ ಅಂತ ಪರೀಕ್ಷೆ ಮಾಡಿದವರು. ಒಂದೇ ಸಲಕ್ಕೆ ಹಾಕಿದ್ರೆ ಏನೂ ಆಗದ ಲೋಡು, ಲಕ್ಷಾಂತರ ಸಲ ಹಾಕಿದ್ರೆ ಮುರಿಯುತ್ತೆ ಅಂತ ತೋರಿಸಿದರು. ನಾವು ಪರೀಕ್ಷೆಗೆ ಬರೆಯೋ ಎಸ್-ಎನ್ ಕರ್ವ್ ಹುಟ್ಟಿದ್ದು ಅಲ್ಲಿಂದ. ಸ್ವಾರಸ್ಯ ಏನಪ್ಪಾ ಅಂದ್ರೆ, ಅದೇ ಕಾಲ, ಅದೇ ಪ್ರಷ್ಯಾ, 1855ರಲ್ಲಿ ಬ್ರೈಟ್‌ಹೌಪ್ಟ್ ಅನ್ನೋ ಸೇನಾ ವೈದ್ಯರು ದೂರ ದೂರ ಮಾರ್ಚ್ ಮಾಡಿದ ಸೈನಿಕರ ಪಾದ ಊದಿ ನೋಯೋದನ್ನ ದಾಖಲಿಸಿದರು. ಬಿದ್ದಿಲ್ಲ, ಪೆಟ್ಟಾಗಿಲ್ಲ, ಆದರೂ ನೋವು. ಎಕ್ಸ್-ರೇ ಬಂದ ಮೇಲೆ ಗೊತ್ತಾಗಿದ್ದು, ಅದು ಮೂಳೆಯ ಸ್ಟ್ರೆಸ್ ಫ್ರಾಕ್ಚರ್. ಆಕ್ಸಲ್‌ಗೆ ಆಗಿದ್ದೇ ಪಾದಕ್ಕೂ ಆಗಿತ್ತು.

ಲೆಕ್ಕ ಹಾಕಿ. ಒಂದು ಗಂಟೆಯಲ್ಲಿ 10 ಕಿಲೋಮೀಟರ್ ಓಡೋರು ನಿಮಿಷಕ್ಕೆ ಸುಮಾರು 165 ಹೆಜ್ಜೆ ಇಟ್ಟರೆ ಒಟ್ಟು ಹತ್ತು ಸಾವಿರದ ಹತ್ತಿರ ಹೆಜ್ಜೆ, ಅಂದ್ರೆ ಒಂದೊಂದು ಕಾಲಿಗೆ ಐದು ಸಾವಿರ. ಪ್ರತಿ ಹೆಜ್ಜೆಯಲ್ಲೂ ನೆಲ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲದಲ್ಲಿ ವಾಪಸ್ ತಳ್ಳುತ್ತೆ. ವಾರಕ್ಕೆ ನಾಲ್ಕು ದಿನ ಹೀಗೆ ಓಡಿದ್ರೆ ಒಂದು ಕಾಲಿನ ಮೂಳೆಗೆ 20 ಸಾವಿರ ಸೈಕಲ್.

ಸ್ಟೀಲಿಗೂ ಮೂಳೆಗೂ ಇರೋ ವ್ಯತ್ಯಾಸ ಅಂದ್ರೆ ಮೂಳೆ ತನ್ನನ್ನ ತಾನೇ ರಿಪೇರಿ ಮಾಡಿಕೊಳ್ಳುತ್ತೆ. ಆದರೆ ನಮ್ಮೂರಲ್ಲಿ ರಸ್ತೆ ರಿಪೇರಿ ಮಾಡೋ ಹಾಗೆ, ಮೊದಲು ಅಗೀತಾರೆ, ಆಮೇಲೆ ಮುಚ್ತಾರೆ. ಅಗೆಯೋ ಜೀವಕೋಶಗಳು, ಆಸ್ಟಿಯೋಕ್ಲಾಸ್ಟ್‌ಗಳು, ಸುಮಾರು ಮೂರು ವಾರದಲ್ಲಿ ಹಳೆ ಭಾಗ ತೆಗೀತವೆ. ಕಟ್ಟೋ ಜೀವಕೋಶಗಳು, ಆಸ್ಟಿಯೋಬ್ಲಾಸ್ಟ್‌ಗಳು, ಅದನ್ನ ತುಂಬೋಕೆ ಸುಮಾರು ಮೂರು ತಿಂಗಳು ತಗೋತವೆ. ಹೀಗಾಗಿ ಟ್ರೈನಿಂಗ್ ದಿಢೀರ್ ಅಂತ ಜಾಸ್ತಿ ಮಾಡಿದ ಕೆಲವು ವಾರ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತೆ. ಶ್ವಾಸಕೋಶ, ಹೃದಯ, ಸ್ನಾಯು ಇವೆಲ್ಲ ಬೇಗ ಸುಧಾರಿಸ್ತವೆ. ಮೂಳೆ ಹಿಂದೆ ಉಳಿಯುತ್ತೆ. ಎಂಜಿನ್ ಅಪ್‌ಗ್ರೇಡ್ ಆಗಿದೆ, ಚಾಸಿಸ್ ಆಗಿಲ್ಲ.

ಇದಕ್ಕೆ ಬರೋ ಸಿಗ್ನಲ್ ಕೂಡ ಸಣ್ಣದು. ಮೊದಮೊದಲು ಓಟದ ಕೊನೆಯಲ್ಲಿ ಕಣಕಾಲ ಹತ್ರ ಒಂದು ಜಾಗದಲ್ಲಿ ಲೈಟಾಗಿ ನೋಯುತ್ತೆ, ನಿಲ್ಲಿಸಿದ್ರೆ ಹೋಗುತ್ತೆ. ತೊಡೆಯ ಉರಿಯ ಮುಂದೆ ಅದು ಏನೂ ಅಲ್ಲ. ಹತ್ತರಲ್ಲಿ ಎಂಟು ನೋವನ್ನ ಗೆದ್ದವರಿಗೆ ಹತ್ತರಲ್ಲಿ ಎರಡು ಯಾವ ಲೆಕ್ಕ? ಮೊದಲ ವಾರಗಳಲ್ಲಿ ಎಕ್ಸ್-ರೇಯಲ್ಲೂ ಬಹಳ ಸಲ ಏನೂ ಕಾಣಲ್ಲ, ಎಂಆರ್‌ಐ ಬೇಕಾಗುತ್ತೆ. "ಎಕ್ಸ್-ರೇ ನಾರ್ಮಲ್, ನಾಳೆಯಿಂದ ಓಡ್ತೀನಿ" ಅಂತ ಹೊರಡೋದು ಹೀಗೆ. ಆ ಹಂತದಲ್ಲೇ ನಿಲ್ಲಿಸಿದ್ರೆ ಕೆಲವು ವಾರದ ವಿಶ್ರಾಂತಿ ಸಾಕಾಗಬಹುದು. ಮುಂದುವರಿಸಿ ಗೆರೆ ಬಿರುಕಾದ್ರೆ ತಿಂಗಳುಗಳು. ತೊಡೆಮೂಳೆಯ ಕತ್ತಿನ ಭಾಗದಲ್ಲಿ ಆಗಿ ಪೂರ್ತಿ ಮುರಿದ್ರೆ ಆಪರೇಷನ್.

ಮತ್ತೆ ಯಾಕೆ ಕೇಳಿಸಿಕೊಳ್ಳಲ್ಲ?

ಇಷ್ಟೆಲ್ಲಾ ಗೊತ್ತಿದ್ದೋರೂ ಓಡ್ತಾರೆ. ಮಾಹಿತಿ ಕೊರತೆ ಒಂದೇ ಇದಕ್ಕೆ ಕಾರಣ ಆಗಿರೋಕೆ ಸಾಧ್ಯ ಇಲ್ಲ.

1991ರಲ್ಲಿ ರಾಬರ್ಟ್ ಹ್ಯೂಸ್ ಮತ್ತು ಜೇ ಕೋಕ್ಲಿ ಎಂಬ ಸಮಾಜಶಾಸ್ತ್ರಜ್ಞರು ಕ್ರೀಡಾಪಟುಗಳು ತಮ್ಮ ಮೇಲೆ ಹೇರಿಕೊಳ್ಳೋ ನಾಲ್ಕು ನಿಯಮಗಳನ್ನ ಗುರುತಿಸಿದರು: ಆಟಕ್ಕಾಗಿ ತ್ಯಾಗ ಮಾಡಬೇಕು, ಎಲ್ಲರಿಗಿಂತ ಮೇಲೆ ಬರಬೇಕು, ಅಪಾಯ ಒಪ್ಪಿಕೊಂಡು ನೋವಲ್ಲೂ ಆಡಬೇಕು, ಮಿತಿ ಅನ್ನೋದನ್ನ ಒಪ್ಪಬಾರದು. ನಾಲ್ಕೂ ಒಳ್ಳೆ ಗುಣಗಳೇ. ಅವರು ಹೇಳಿದ್ದು ಏನಂದ್ರೆ, ಕ್ರೀಡಾಪಟುಗಳು ತಮ್ಮನ್ನ ತಾವು ಹಾಳುಮಾಡಿಕೊಳ್ಳೋದು ಬಹಳ ಸಲ ಈ ನಿಯಮ ಮುರಿದಿದ್ದಕ್ಕಲ್ಲ, ಪ್ರಶ್ನೆಯೇ ಮಾಡದೆ ಅತಿಯಾಗಿ ಪಾಲಿಸಿದ್ದಕ್ಕೆ. ಅತಿಯಾದ್ರೆ ಅಮೃತವೂ ವಿಷ ಅಂತ ನಮ್ಮಲ್ಲಿ ಹೇಳೋದು ಇದನ್ನೇ. ಸೋಮಾರಿಗಳಿಗೆ ಸ್ಟ್ರೆಸ್ ಫ್ರಾಕ್ಚರ್ ಆಗೋದು ಅಪರೂಪ. ಅದು ಆಗೋದು ಶಿಸ್ತಿನವರಿಗೆ.

ಎರಡನೇದು ಗುರುತಿನ ಪ್ರಶ್ನೆ. ಬ್ರಿಟನ್ ಬ್ರೂವರ್ ಅನ್ನೋ ಮನಶ್ಶಾಸ್ತ್ರಜ್ಞರು 1993ರಲ್ಲಿ ತಮ್ಮ ಸಹೋದ್ಯೋಗಿಗಳ ಜೊತೆ 'ಅಥ್ಲೆಟಿಕ್ ಐಡೆಂಟಿಟಿ' ಅಳೆಯೋ ಒಂದು ಪಟ್ಟಿ ಮಾಡಿದರು. "ನಾನು ಓಡ್ತೀನಿ" ಮತ್ತು "ನಾನು ಓಟಗಾರ" ಎರಡೂ ಒಂದೇ ಅಲ್ಲ. ಎರಡನೇದರಲ್ಲಿ ಓಟ ನಿಂತ್ರೆ ನಾನೂ ಇಲ್ಲ. ಅಂಥವರಿಗೆ ಗಾಯ ಆದಾಗ ಮನಸ್ಸು ಹೆಚ್ಚು ಕುಗ್ಗುತ್ತೆ ಅಂತ ಬ್ರೂವರ್ ಅವರ ಅಧ್ಯಯನಗಳಲ್ಲಿ ಕಂಡುಬಂತು. ಹಾಗಾಗಿ "ಇದು ಗಾಯ" ಅಂತ ಒಪ್ಪಿಕೊಳ್ಳೋದೇ ಅವರಿಗೆ ಭಯ. ಹಾಸ್ಟೆಲಲ್ಲಿ ಇದನ್ನ ಚೆನ್ನಾಗಿ ನೋಡಬಹುದು. ಸಿಜಿಪಿಎ ಕೈಕೊಟ್ಟಿದೆ, ಮನೆ ನೆನಪಾಗ್ತಿದೆ, ಓಟ ಒಂದೇ ಸರಿಯಾಗಿ ನಡೀತಾ ಇದೆ. ಅದನ್ನೂ ಬಿಡು ಅಂದ್ರೆ ಹೇಗೆ? ಕಾಲು ನೋವು ಅಂತ ಓಡಬೇಡ ಅನ್ನೋರಿಗೆ ಈ ಕಷ್ಟ ಅರ್ಥ ಆಗಲ್ಲ, ಅದಕ್ಕೇ ಅವರ ಮಾತು ನಾಟಲ್ಲ.

ಮೂರನೇದು ಸಂಕ್ ಕಾಸ್ಟ್. ಮೂರು ತಿಂಗಳು ಟ್ರೈನಿಂಗ್, ಎಂಟ್ರಿ ಫೀ ಕಟ್ಟಾಗಿದೆ, ಟೀ-ಶರ್ಟ್ ಬಂದಿದೆ, ಸ್ಟೇಟಸ್ ಹಾಕಿಯಾಗಿದೆ. ರೇಸ್ ಇನ್ನೆರಡೇ ವಾರ. ಆಗ ತಲೆ ಲಾಯರ್ ಆಗುತ್ತೆ: "ವಾರ್ಮಪ್ ಆದ್ಮೇಲೆ ನೋವು ಹೋಗುತ್ತಲ್ಲ, ಅಂದ್ರೆ ಏನೂ ಇಲ್ಲ." ವಾರ್ಮಪ್ ಆದ ಮೇಲೆ ನೋವು ತಗ್ಗಿದ್ದಕ್ಕೆ ಗಾಯ ವಾಸಿಯಾಯ್ತು ಅಂತ ಅರ್ಥ ಅಲ್ಲ. ಗೇಟ್ ಮುಚ್ಚಿತು ಅಂತಲೂ ಇರಬಹುದು. ರನ್ನಿಂಗ್ ಆ್ಯಪ್‌ನ ಸ್ಟ್ರೀಕ್ ಕೂಡ ಇದೇ ಲಾಯರ್‌ಗೆ ಸಾಕ್ಷಿ ಹೇಳುತ್ತೆ. 87 ದಿನ ಬಿಡದೆ ಓಡಿದವರಿಗೆ 88ನೇ ದಿನ ಮಲಗೋದು ಸೋಲು ಅನ್ಸುತ್ತೆ.

ನಾಲ್ಕನೇದು ಊಟ. ಇದನ್ನ ನಾವು ಮಾತಾಡೋದೇ ಕಮ್ಮಿ. ತೂಕ ಇಳಿದ್ರೆ ಸ್ಪೀಡ್ ಬರುತ್ತೆ ಅಂತ ರಾತ್ರಿ ಊಟ ಬಿಡೋರು ಇದ್ದಾರೆ, ಮೆಸ್ ಊಟ ಸೇರದೆ ಬಿಡೋರೂ ಇದ್ದಾರೆ. ಓಡೋಕೆ ಬೇಕಾದಷ್ಟು ತಿನ್ನದೆ ಇದ್ರೆ ದೇಹ ಮೂಳೆ ಕಟ್ಟೋದು, ಹಾರ್ಮೋನು ತಯಾರಿಸೋದು ಇಂಥ ಖರ್ಚು ಕಡಿತ ಮಾಡುತ್ತೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ 'ರೆಡ್-ಎಸ್' ಅಂತ ಹೆಸರಿಟ್ಟರು. 17ನೇ ವಯಸ್ಸಿಗೇ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಓಡಿದ್ದ ಅಮೆರಿಕದ ಮೇರಿ ಕೇನ್, ತೂಕ ಇಳಿಸೋ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತು, ಐದು ಮೂಳೆ ಮುರಿದವು ಅಂತ 2019ರಲ್ಲಿ ಬಹಿರಂಗವಾಗಿ ಹೇಳಿದರು. ಹುಡುಗಿಯರೇ, ತಿಂಗಳ ಮುಟ್ಟು ತಪ್ಪಿದ್ರೆ "ಜಾಸ್ತಿ ಓಡಿದ್ದಕ್ಕೆ, ನಾರ್ಮಲ್" ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ಅದೂ ಒಂದು ಅಲಾರಂ. ಹುಡುಗರಿಗೂ ಈ ಸಮಸ್ಯೆ ಬರುತ್ತೆ, ಕಣ್ಣಿಗೆ ಕಾಣೋ ಗುರುತು ಇಲ್ಲ ಅಷ್ಟೇ.

ಪೌಲಾ ರಾಡ್‌ಕ್ಲಿಫ್ ಕಲಿಸೋದು

ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2003ರ ಏಪ್ರಿಲ್‌ನಲ್ಲಿ ಲಂಡನ್ ಮ್ಯಾರಥಾನನ್ನ 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಅದನ್ನ ಮುರಿಯೋಕೆ ಬೇರೆಯವರಿಗೆ 16 ವರ್ಷ ಬೇಕಾಯ್ತು. ನೋವು ಸಹಿಸೋದರಲ್ಲಿ ಅವರ ಸಮಾನ ಇಲ್ಲ ಅಂತಿದ್ರು. ಕಷ್ಟ ಆದಾಗ ಅವರು ಒಂದರಿಂದ ನೂರರವರೆಗೆ ಎಣಿಸ್ತಿದ್ರಂತೆ. ಮೂರು ಸಲ ನೂರು ಎಣಿಸಿದ್ರೆ ಒಂದು ಮೈಲಿ. ಶ್ರಮದ ನೋವಿಗೆ ಇದು ಬಹಳ ಒಳ್ಳೆ ಉಪಾಯ. 42 ಕಿಲೋಮೀಟರ್ ಅನ್ನೋ ಬೆಟ್ಟ ಬಿಟ್ಟು ಮುಂದಿನ ಹೆಜ್ಜೆಗೆ ಗಮನ ಬರುತ್ತೆ.

ಮರುವರ್ಷ ಆಗಸ್ಟಲ್ಲಿ ಅಥೆನ್ಸ್ ಒಲಿಂಪಿಕ್ಸ್. ಓಟಕ್ಕೆ ಕೆಲವೇ ದಿನ ಮುಂಚೆ ಕಾಲಿಗೆ ಗಾಯ ಆಗಿತ್ತು. ಅದಕ್ಕೆ ಉರಿಯೂತ ತಗ್ಗಿಸೋ ಔಷಧಿ ತಗೊಂಡರು, ಅದರಿಂದ ಹೊಟ್ಟೆ ಕೆಟ್ಟು, ತಿಂದಿದ್ದು ಮೈಗೆ ಹತ್ತಲಿಲ್ಲ ಅಂತ ಆಮೇಲೆ ಅವರೇ ವಿವರಿಸಿದರು. ಕಾಲಿನ ಅಲಾರಂ ಆಫ್ ಮಾಡೋಕೆ ಹೋಗಿ ಇಂಧನದ ಪೈಪೇ ಕಟ್ ಆದ ಹಾಗಾಯ್ತು. ವಿಪರೀತ ಸೆಕೆಯಲ್ಲಿ ಸುಮಾರು 36ನೇ ಕಿಲೋಮೀಟರಿಗೆ ರಸ್ತೆ ಬದಿ ಕೂತು ಅತ್ತಿದ್ದನ್ನ ಇಡೀ ಜಗತ್ತು ಟಿವಿಯಲ್ಲಿ ನೋಡಿತು. ಐದು ದಿನ ಬಿಟ್ಟು 10,000 ಮೀಟರ್ ಓಟಕ್ಕೂ ಇಳಿದರು, ಅದನ್ನೂ ಅರ್ಧಕ್ಕೆ ಬಿಡಬೇಕಾಯ್ತು. ಅವರ ದೇಶದ ಕೆಲವರು ಅವರನ್ನ ಕೈಚೆಲ್ಲಿದವಳು ಅಂತಲೂ ಕರೆದರು. ಆದರೆ ಅದೇ ವರ್ಷ ನವೆಂಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ಅಥೆನ್ಸ್‌ನಲ್ಲಿ ತೆವಳಿಕೊಂಡಾದ್ರೂ ಮುಗಿಸಿಬಿಡಬೇಕಿತ್ತು ಅನ್ನೋರಿಗೆ ಇದನ್ನ ನೆನಪಿಸಬೇಕು.

ಗೆಲ್ಲೋರು ಕಿವಿಗೊಡ್ತಾರೆ

1977ರಲ್ಲಿ ವಿಲಿಯಂ ಮಾರ್ಗನ್ ಮತ್ತು ಮೈಕೆಲ್ ಪೊಲಾಕ್ ಅತ್ಯುತ್ತಮ ದರ್ಜೆಯ ದೂರದ ಓಟಗಾರರ ಮನಸ್ಸಲ್ಲಿ ಓಡುವಾಗ ಏನು ನಡೆಯುತ್ತೆ ಅಂತ ಅಧ್ಯಯನ ಮಾಡಿದರು. ಸಾಮಾನ್ಯ ಓಟಗಾರರು ನೋವು ಮರೆಯೋಕೆ ಬೇರೆ ಏನೋ ಯೋಚಿಸ್ತಿದ್ರು, ಹಾಡು, ಮನೆ, ಹಳೆ ನೆನಪು. ಮೇಲಿನ ದರ್ಜೆಯವರು ಹೆಚ್ಚಾಗಿ ತಮ್ಮ ದೇಹವನ್ನೇ ಗಮನಿಸ್ತಿದ್ರು: ಉಸಿರು ಹೇಗಿದೆ, ಮೀನಖಂಡ ಬಿಗಿ ಆಗ್ತಿದ್ಯಾ, ಭುಜ ಸಡಿಲ ಇದ್ಯಾ. ಗಮನಿಸಿ ಸ್ಪೀಡ್ ಹೊಂದಿಸಿಕೊಳ್ತಿದ್ರು. ಆಮೇಲಿನ ಸಂಶೋಧನೆಗಳು ಎಲ್ಲರೂ ಎರಡನ್ನೂ ಸಂದರ್ಭಕ್ಕೆ ತಕ್ಕಂತೆ ಬಳಸ್ತಾರೆ ಅಂತ ತೋರಿಸಿವೆ. ಆದರೂ ಮೂಲ ಮಾತು ಹಾಗೇ ಉಳಿದಿದೆ. ಚಾಂಪಿಯನ್‌ಗಳು ನೋವು ಕೇಳಿಸದ ಕಲ್ಲುಗಳಲ್ಲ. ಅವರಿಗೆ ನಮಗಿಂತ ಹೆಚ್ಚು ವಿವರವಾಗಿ ಕೇಳಿಸುತ್ತೆ. ಫೀಡ್‌ಬ್ಯಾಕ್ ಕಟ್ ಮಾಡಿ ಯಾವ ಕಂಟ್ರೋಲ್ ಸಿಸ್ಟಮ್ಮೂ ಚೆನ್ನಾಗಿ ಓಡಲ್ಲ ಅನ್ನೋದನ್ನ ನಮಗೆ ಬೇರೆ ಯಾರೂ ಹೇಳಬೇಕಿಲ್ಲ.

ನಾವು ಏನು ಮಾಡಬಹುದು?

ಓಡುವಾಗ ನೋವು ಬಂದ್ರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದೇ ಕಾಲಾ, ಎರಡೂ ಕಾಲಾ? ಬೆರಳಿಟ್ಟು ತೋರಿಸಬಹುದಾ, ಹರಡಿದೆಯಾ? ನಿಧಾನ ಮಾಡಿದ್ರೆ ಇಳಿಯುತ್ತಾ? ಶ್ರಮದ ನೋವಾದ್ರೆ ಹಲ್ಲು ಕಚ್ಚಿ, ನೂರು ಎಣಿಸಿ, ಓಡಿ. ಸ್ನಾಯು ಅಥವಾ ಸ್ನಾಯುರಜ್ಜುವಿನ ಸಣ್ಣ ನೋವಾದ್ರೆ ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಎರಡು ಮೂರರ ಒಳಗಿದ್ದು, ಹೆಜ್ಜೆ ಬದಲಾಗದೆ, ಮಾರನೇ ದಿನ ಬೆಳಗ್ಗೆ ಹೆಚ್ಚಾಗದೆ ಇದ್ರೆ ಕಮ್ಮಿ ಓಡಬಹುದು ಅಂತ ಫಿಸಿಯೋಗಳು ಸಾಮಾನ್ಯವಾಗಿ ಹೇಳ್ತಾರೆ. ಮೂಳೆಯ ಮೇಲೆ ಒಂದೇ ಜಾಗದಲ್ಲಿ ಒತ್ತಿದ್ರೆ ನೋವು, ಕುಂಟು, ರಾತ್ರಿ ಮಲಗಿದಾಗಲೂ ನೋವು, ಓಡಿದಾಗ ತೊಡೆಸಂದಿಯಲ್ಲಿ ಆಳವಾದ ನೋವು, ಇವುಗಳಲ್ಲಿ ಯಾವುದಾದ್ರೂ ಇದ್ರೆ ಅಳತೆಯ ಪ್ರಶ್ನೆಯೇ ಇಲ್ಲ. ಓಟ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ. ಎದೆನೋವು, ತಲೆ ಸುತ್ತು, ಬಿಸಿಲಲ್ಲಿ ಗೊಂದಲ ಆದ್ರೆ ಆ ಕ್ಷಣವೇ ನಿಲ್ಲಿಸಿ.

ಪೇನ್‌ಕಿಲ್ಲರ್ ನುಂಗಿ ರೇಸಿಗೆ ಹೋಗಬೇಡಿ. ಅಲಾರಂ ವೈರ್ ಕಿತ್ತ ಹಾಗೆ ಅನ್ನೋದು ಒಂದು ಕಾರಣ. ಬೆವರು ಹರಿದು ನೀರು ಕಮ್ಮಿಯಾದ ದೇಹದಲ್ಲಿ ಐಬುಪ್ರೊಫೆನ್ ಥರದ ಮಾತ್ರೆಗಳು ಕಿಡ್ನಿಗೆ ಹೊರೆ ಆಗ್ತವೆ ಅನ್ನೋದು ಇನ್ನೊಂದು.

ನಿರ್ಧಾರವನ್ನ ಓಟಕ್ಕೆ ಮುಂಚೆನೇ ಮಾಡಿ. ಓಡ್ತಾ ಇರೋವಾಗ ತಲೆಯಲ್ಲಿ ಲಾಯರ್ ಕೂತಿರ್ತಾನೆ, ಅವನು ಯಾವ ಕೇಸೂ ಸೋಲಲ್ಲ. "ಒಂದೇ ಜಾಗದಲ್ಲಿ ಮೂರು ಓಟ ಸತತ ನೋವು ಬಂದ್ರೆ ಒಂದು ವಾರ ಬಿಡ್ತೀನಿ" ಅಂತ ಮೊದಲೇ ಬರೆದಿಡಿ, ರೂಮ್‌ಮೇಟಿಗೆ ಹೇಳಿಡಿ. ಓಡದ ದಿನ ಆ್ಯಪಲ್ಲಿ "ರೆಸ್ಟ್" ಅಂತ ದಾಖಲಿಸಿ, ಅದೂ ಟ್ರೈನಿಂಗೇ. ಓಟ ಬಿಟ್ಟ ವಾರಗಳಲ್ಲಿ ಡಾಕ್ಟರ್ ಒಪ್ಪಿದ್ರೆ ಈಜು, ಸೈಕಲ್ ಏನಾದ್ರೂ ಹಿಡೀರಿ, ಬೆಳಗ್ಗೆ ಗ್ರೌಂಡಿಗೆ ಬಂದು ಟೈಮ್ ಕೀಪಿಂಗ್ ಆದ್ರೂ ಮಾಡಿ. ಓಟದ ಜೊತೆ ಗೆಳೆಯರೂ ತಪ್ಪಿಹೋಗ್ತಾರೆ ಅನ್ನೋ ಭಯಾನೇ ಎಷ್ಟೋ ಜನರನ್ನ ಕುಂಟ್ತಾ ಓಡಿಸೋದು.

ಕೊನೇದಾಗಿ, ಇದು ಒಬ್ಬೊಬ್ಬರೇ ಸರಿಮಾಡೋ ವಿಷಯ ಅಲ್ಲ. ಯಾವ ಕಥೆಗೆ ನಾವು ಸೂಪರ್ ಅಂತೀವೋ ಆ ಕಥೆಗಳೇ ಹೆಚ್ಚಾಗ್ತವೆ. ಸ್ಪೋರ್ಟ್ಸ್ ಡೇ ಹತ್ರ ಬರ್ತಿದೆ, ಗ್ರೌಂಡಲ್ಲಿ ಜನ ಜಾಸ್ತಿಯಾಗಿದ್ದಾರೆ, ಹೊಸದಾಗಿ ಶುರುಮಾಡಿದ ಜೂನಿಯರ್‌ಗಳೂ ಇದ್ದಾರೆ. ಅವರಲ್ಲಿ ಯಾರಾದ್ರೂ "ಇವತ್ತು ಕಾಲು ಯಾಕೋ ಸರಿ ಇಲ್ಲ, ಓಡಲ್ಲ" ಅಂದ್ರೆ, "ಏನ್ ಮಗಾ, ಅಷ್ಟಕ್ಕೇನಾ?" ಅನ್ನೋ ಬದಲು "ಎಲ್ಲಿ ನೋಯ್ತಿದೆ, ತೋರಿಸು" ಅನ್ನಿ. ಅವರು ಒಂದೇ ಬೆರಳಲ್ಲಿ ಜಾಗ ತೋರಿಸಿದ್ರೆ, ಆ ದಿನ ಅವರನ್ನ ಓಡೋಕೆ ಬಿಡಬೇಡಿ.